ತುಮಕೂರಿನಿಂದ ಟೆಕ್ ಸಮ್ಮೇಳನಕ್ಕೆ: ಹೋಗುವುದು ಹೇಗೆ, ಬೆರೆಯುವುದು ಹೇಗೆ

2002ರಲ್ಲಿ ನಮ್ಮ ತುಮಕೂರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ನಾನು ಹೈಸ್ಕೂಲು ಹುಡುಗ. ಅಪ್ಪ ಒಂದು ದಿನವೂ ತಪ್ಪಿಸದೆ ಹೋಗಿ ಬಂದರು. ಯಾವ ಗೋಷ್ಠಿಯಲ್ಲಿ ಯಾರು ಏನು ಮಾತನಾಡಿದರು ಎಂದು ಕೇಳಿದರೆ ಅವರಿಗೆ ನೆನಪಿರಲಿಲ್ಲ. ಪುಸ್ತಕ ಮಳಿಗೆಯಲ್ಲಿ ಯಾರು ಸಿಕ್ಕರು, ಊಟದ ಸಾಲಿನಲ್ಲಿ ಹಿಂದೆ ನಿಂತಿದ್ದ ಧಾರವಾಡದ ಮೇಷ್ಟ್ರು ಏನೆಂದರು ಎಂಬುದನ್ನು ಮಾತ್ರ ವಾರಗಟ್ಟಲೆ ಹೇಳಿದರು.

ಹಲವು ವರ್ಷಗಳ ನಂತರ ನಾನು ಬೆಂಗಳೂರಿನಲ್ಲಿ ಮೊದಲ ಸಾಫ್ಟ್‌ವೇರ್ ಸಮ್ಮೇಳನಕ್ಕೆ ಹೋದಾಗ ಅಪ್ಪನಿಗೆ ತದ್ವಿರುದ್ಧವಾಗಿ ನಡೆದುಕೊಂಡೆ. ಎರಡೂ ದಿನ ಎರಡನೆಯ ಸಾಲಿನಲ್ಲಿ ಕೂತು ನೋಟ್‌ಬುಕ್ ತುಂಬಿಸಿದೆ. ಊಟದ ತಟ್ಟೆ ಹಿಡಿದು ಕಂಬಕ್ಕೆ ಒರಗಿ ನಿಂತೆ. ನೋಂದಣಿ ಮೇಜಿನವರಿಗೆ ಹೆಸರು ಹೇಳಿದ್ದನ್ನು ಬಿಟ್ಟರೆ ಯಾರೊಂದಿಗೂ ಮಾತನಾಡಲಿಲ್ಲ. ಕೆಲವು ವಾರಗಳಲ್ಲಿ ಆ ಭಾಷಣಗಳೆಲ್ಲ ಯೂಟ್ಯೂಬಿನಲ್ಲಿ ಬಂದವು. ನಾನು ಟಿಕೆಟ್ ಕೊಟ್ಟು ಕೊಂಡದ್ದು ಮನೆಯಲ್ಲೇ ಪುಕ್ಕಟೆ ಸಿಗುವ ಸರಕನ್ನು.

ತುಮಕೂರಿನಲ್ಲಿ ಎಂಜಿನಿಯರಿಂಗ್ ಅಥವಾ ಎಂಸಿಎ ಓದುತ್ತಿರುವವರಿಗೆ, ಮನೆಯಿಂದಲೇ ಯಾವುದೋ ಕಂಪನಿಗೆ ಕೋಡ್ ಬರೆಯುತ್ತಿರುವವರಿಗೆ ಆ ಕಂಬದ ಪಾಡು ಬಾರದಿರಲಿ ಎಂದು ಈ ಲೇಖನ.

ಮೊದಲು ಆಯ್ಕೆ

ಕಂಪನಿಗಳು ತಮ್ಮ ಉತ್ಪನ್ನದ ಪ್ರಚಾರಕ್ಕೆ ನಡೆಸುವ ಸಮ್ಮೇಳನಗಳಿವೆ. ಅಲ್ಲಿ ಊಟ ಚೆನ್ನಾಗಿರುತ್ತದೆ, ಚೀಲ, ಬಾಟಲಿ ಕೊಡುತ್ತಾರೆ, ಪ್ರಶ್ನೆಗೆ ನೇರ ಉತ್ತರ ಮಾತ್ರ ಸಿಗುವುದು ಕಷ್ಟ. ಪ್ರೋಗ್ರಾಮರುಗಳೇ ಸ್ವಯಂಸೇವಕರಾಗಿ ನಿಂತು ನಡೆಸುವ ಸಮ್ಮೇಳನಗಳು ಬೇರೆ ಜಾತಿಯವು. ಮೊದಲ ಸಲ ಹೋಗುವವರು ಇವನ್ನೇ ಆರಿಸಿಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಪರಂಪರೆ ನಮಗೆ ದೂರದ್ದಲ್ಲ. ಮುಕ್ತ ತಂತ್ರಾಂಶದವರ (ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ತಂತ್ರಾಂಶ ಅದು, ಇಂಗ್ಲಿಷಿನಲ್ಲಿ ಚಿಕ್ಕದಾಗಿ ‘ಫಾಸ್’) ಕೂಟವೊಂದು 2001ರಲ್ಲಿ ‘ಲಿನಕ್ಸ್ ಬ್ಯಾಂಗಲೋರ್’ ಎಂದು ಶುರುವಾಗಿ 2005ರಲ್ಲಿ ‘ಫಾಸ್ ಡಾಟ್ ಇನ್’ ಆಯಿತು, 2012ರವರೆಗೂ ನಡೆಯಿತು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಸಮ್ಮೇಳನ ‘ಪೈಕಾನ್ ಇಂಡಿಯಾ’ ಹುಟ್ಟಿದ್ದೂ ಬೆಂಗಳೂರಿನಲ್ಲೇ, 2009ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. ಪುಣೆ, ದೆಹಲಿ, ಹೈದರಾಬಾದ್, ಚೆನ್ನೈ ಸುತ್ತಿದ ಅದು 2024 ಮತ್ತು 2025ರಲ್ಲಿ ಬೆಂಗಳೂರಿಗೆ ಮರಳಿತ್ತು. ಮುಕ್ತ ತಂತ್ರಾಂಶದಲ್ಲಿ ಆಸಕ್ತಿ ಇರುವವರಿಗೆ ಫಾಸ್ ಯುನೈಟೆಡ್ ಸಂಸ್ಥೆ ನಡೆಸುವ ‘ಇಂಡಿಯಾ ಫಾಸ್’ ಇದೆ. ಒಂದೇ ವಿಷಯವನ್ನು ಹಿಡಿದು ಆಳಕ್ಕೆ ಇಳಿಯುವ ಸಮ್ಮೇಳನಗಳನ್ನು ಹ್ಯಾಸ್‌ಗೀಕ್ ಎಂಬ ಸಂಸ್ಥೆ ನಡೆಸುತ್ತ ಬಂದಿದೆ.

ಇಷ್ಟು ದೊಡ್ಡ ಜಾತ್ರೆ ಮೊದಲ ಸಲಕ್ಕೆ ಭಾರವೆನಿಸಿದರೆ ಸಂತೆಯಿಂದ ಶುರು ಮಾಡಿ. ಬೆಂಗಳೂರಿನ ಪೈಥಾನ್ ಬಳಗ ‘ಬ್ಯಾಂಗ್‌ಪೈಪರ್ಸ್’ ನಡೆಸುವಂಥ ಸಣ್ಣ ಕೂಟಗಳಿಗೆ ಸಾಮಾನ್ಯವಾಗಿ ಶುಲ್ಕವಿಲ್ಲ. ಹೆಸರು ನೋಂದಾಯಿಸಿ ಹೋದರಾಯಿತು. ಅಲ್ಲಿ ಎರಡು ಮುಖ ಪರಿಚಯವಾಗಿದ್ದರೆ ದೊಡ್ಡ ಸಮ್ಮೇಳನದ ಬಾಗಿಲಲ್ಲಿ ಅಷ್ಟು ಅಳುಕಾಗುವುದಿಲ್ಲ.

ಟಿಕೆಟ್

ಬೇಗ ಕೊಂಡರೆ ಅಗ್ಗ. ವಿದ್ಯಾರ್ಥಿಗಳಿಗೆ ಹಲವೆಡೆ ರಿಯಾಯಿತಿ ಉಂಟು, ಕೆಲವೆಡೆ ಪ್ರಯಾಣ, ವಸತಿಗೆ ನೆರವೂ ಉಂಟು. ನೆರವು ಕೇಳಿ ಅರ್ಜಿ ಹಾಕುವುದಕ್ಕೆ ನಾಚಿಕೊಳ್ಳಬೇಡಿ, ಅದಕ್ಕೆಂದೇ ಹಣ ತೆಗೆದಿಟ್ಟಿರುತ್ತಾರೆ. ಮಾತು ಕಡಿಮೆಯಿರುವವರಿಗೆ ನಾನು ಹೇಳುವ ಉಪಾಯವೇ ಬೇರೆ: ಸ್ವಯಂಸೇವಕರಾಗಿ. ಸ್ವಯಂಸೇವಕರ ಟೀಶರ್ಟ್ ತೊಟ್ಟು ನಿಂತರೆ ನೀವು ಯಾರನ್ನೂ ಮಾತನಾಡಿಸಬೇಕಿಲ್ಲ. ‘ಎರಡನೇ ಸಭಾಂಗಣ ಎಲ್ಲಿ?’ ಎಂದು ಎಲ್ಲರೂ ನಿಮ್ಮನ್ನೇ ಮಾತನಾಡಿಸುತ್ತಾರೆ.

ಹೊರಡುವ ದಿನ

ಎಪ್ಪತ್ತು ಕಿಲೋಮೀಟರಿಗೆ ಯಾಕಿಷ್ಟು ಲೆಕ್ಕಾಚಾರ ಎನ್ನಬೇಡಿ. ಬಸ್ಸು ನೆಲಮಂಗಲ ದಾಟಿದ ಮೇಲಿನ ಕಥೆ ಎಲ್ಲರಿಗೂ ಗೊತ್ತಿದೆ. 2024ರ ನವೆಂಬರಿನಿಂದ ಮೆಟ್ರೊ ಹಸಿರು ಮಾರ್ಗ ಮಾದಾವರದವರೆಗೆ ಬಂದಿದೆ. ತುಮಕೂರು ರಸ್ತೆಯ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರದ ಹತ್ತಿರ ಬಸ್ ಇಳಿದು ಮೆಟ್ರೊ ಹತ್ತಿದರೆ ಗೊರಗುಂಟೆಪಾಳ್ಯದ ಗೋಳು ತಪ್ಪುತ್ತದೆ. ರೈಲಿನವರು ಯಶವಂತಪುರದಲ್ಲಿ ಇಳಿದು ಅದೇ ಮಾರ್ಗ ಹಿಡಿಯಬಹುದು. ಹಿಂದಿರುಗುವಾಗ ಕೊನೆಯ ರೈಲಿನ ಹೊತ್ತಿಗೆ ಹೆದರಿ ಸಂಜೆಯ ಹರಟೆಯನ್ನು ಬಿಟ್ಟು ಓಡಬೇಡಿ, ಸಮ್ಮೇಳನದ ಅರ್ಧ ಸಾರ ಅಲ್ಲೇ ಇರುವುದು. ದಾವಣಗೆರೆ, ಶಿವಮೊಗ್ಗ, ಹುಬ್ಬಳ್ಳಿ ಬಸ್ಸುಗಳು ರಾತ್ರಿಯೂ ನಮ್ಮ ದಾರಿಯಲ್ಲೇ ಹೋಗುತ್ತವೆ. ಊರೊಳಗೆ ಬಾರದೆ ಬೈಪಾಸ್ ಹಿಡಿಯುವ ಬಸ್ಸೋ ಎಂದು ಹತ್ತುವ ಮುಂಚೆ ನಿರ್ವಾಹಕರನ್ನು ಕೇಳಿಕೊಳ್ಳಿ, ಇಲ್ಲವಾದರೆ ನಡುರಾತ್ರಿ ಆಟೊ ಹುಡುಕಬೇಕಾಗುತ್ತದೆ.

ಚೀಲದಲ್ಲಿ ಚಾರ್ಜರ್, ನೀರಿನ ಬಾಟಲಿ, ಒಂದು ಪೆನ್ನು ಇರಲಿ. ವಿಸಿಟಿಂಗ್ ಕಾರ್ಡ್ ಬೇಡ.

ವೇಳಾಪಟ್ಟಿಯ ಅರ್ಧವನ್ನು ಹೊಡೆದುಹಾಕಿ

ಒಂದೇ ಹೊತ್ತಿಗೆ ಮೂರು ಸಭಾಂಗಣಗಳಲ್ಲಿ ಮೂರು ಭಾಷಣ ನಡೆಯುತ್ತಿರುತ್ತವೆ. ದಿನಕ್ಕೆ ಮೂರೋ ನಾಲ್ಕೋ ಗುರುತು ಹಾಕಿಕೊಳ್ಳಿ. ನಿಮಗೆ ಪೂರ್ತಿ ಹೊಸದಾದ ವಿಷಯ ಒಂದಿರಲಿ, ನೀವು ದಿನವೂ ಗುದ್ದಾಡುವ ವಿಷಯ ಒಂದಿರಲಿ. ಉಳಿದ ಹೊತ್ತು ಪಡಸಾಲೆಗೆ ಮೀಸಲು. ಇದನ್ನು ಈ ವಲಯದಲ್ಲಿ ‘ಹಾಲ್‌ವೇ ಟ್ರ್ಯಾಕ್’ ಎನ್ನುತ್ತಾರೆ. ಅಚ್ಚಾದ ವೇಳಾಪಟ್ಟಿಯಲ್ಲಿ ಇಲ್ಲದ ಗೋಷ್ಠಿ ಅದು, ಯಾರೂ ಅದರ ವಿಡಿಯೊ ಮಾಡುವುದಿಲ್ಲ.

ಮಾತಿಗೆ ಮೊದಲು ಎಲ್ಲಿಂದ?

ಎರಿಕ್ ಹೋಲ್ಷರ್ ಎಂಬ ಪ್ರೋಗ್ರಾಮರ್ ಸಮ್ಮೇಳನಗಳಿಗೆಂದು ‘ಪ್ಯಾಕ್‌ಮ್ಯಾನ್ ನಿಯಮ’ ಎಂಬ ಒಂದು ಸೂತ್ರ ಹೇಳಿದ್ದಾರೆ. ಗುಂಪಾಗಿ ನಿಂತು ಮಾತನಾಡುವಾಗ ವೃತ್ತವನ್ನು ಪೂರ್ತಿ ಮುಚ್ಚಬೇಡಿ, ಹಳೆಯ ವಿಡಿಯೊ ಗೇಮಿನ ಆ ಹಳದಿ ಮುಖದ ಬಾಯಿಯಂತೆ ಒಬ್ಬರು ಬಂದು ನಿಲ್ಲುವಷ್ಟು ಜಾಗ ಬಿಡಿ ಎಂಬುದು ಅದರ ತಿರುಳು. ಬೆಳಗಿನ ರೈಲಿನಲ್ಲಿ ತುಮಕೂರಿನಿಂದ ಬೆಂಗಳೂರಿಗೆ ಓಡಾಡುವವರಿಗೆ ಇದನ್ನು ಅಮೆರಿಕದವರು ಕಲಿಸಬೇಕಿಲ್ಲ. ಮೂವರ ಸೀಟಿನಲ್ಲಿ ನಾಲ್ಕನೆಯವರು ‘ಸ್ವಲ್ಪ ಜರುಗಿ’ ಎಂದು ಕೂರುತ್ತಾರೆ, ಕ್ಯಾತ್ಸಂದ್ರ ದಾಟುವಷ್ಟರಲ್ಲಿ ಮನೆ ಮಾತು ಶುರುವಾಗಿರುತ್ತದೆ. ಸಮ್ಮೇಳನದಲ್ಲಿಯೂ ಅಷ್ಟೇ. ಬಾಯಿ ತೆರೆದ ವೃತ್ತ ಕಂಡರೆ ಹೋಗಿ ನಿಲ್ಲಿ. ಎರಡು ನಿಮಿಷ ಕೇಳಿಸಿಕೊಳ್ಳಿ. ಯಾರಾದರೂ ನಿಮ್ಮತ್ತ ತಿರುಗುತ್ತಾರೆ.

ತಿರುಗಿದಾಗ ಏನು ಹೇಳುವುದು? ‘ಯಾವ ಕಂಪನಿ?’ ಎಂಬುದು ಎಲ್ಲರೂ ಕೇಳುವ ಪ್ರಶ್ನೆ, ಅದಕ್ಕೆ ಒಂದು ಪದದ ಉತ್ತರ ಬಂದು ಮಾತು ಅಲ್ಲಿಗೇ ನಿಲ್ಲುತ್ತದೆ. ‘ಈಚೆಗೆ ಯಾವುದರ ಮೇಲೆ ತಲೆ ಕೆಡಿಸಿಕೊಂಡಿದ್ದೀರಿ?’ ಎಂದು ಕೇಳಿ ನೋಡಿ, ಪ್ರೋಗ್ರಾಮರುಗಳಿಗೆ ತಲೆ ಕೆಟ್ಟ ಕಥೆ ಹೇಳುವುದೆಂದರೆ ಬಲು ಇಷ್ಟ. ನಿಮ್ಮದೇ ಒಂದು ಅಂಥ ಕಥೆಯನ್ನು ಎರಡು ವಾಕ್ಯದಲ್ಲಿ ಹೇಳಲು ಸಿದ್ಧವಿರಿ. ಏನೂ ತೋಚದಿದ್ದರೆ ತುಮಕೂರು ಎಂದು ಊರಿನ ಹೆಸರು ಹೇಳಿ, ತಟ್ಟೆ ಇಡ್ಲಿಯ ಮಾತನ್ನು ಅವರೇ ತೆಗೆಯುತ್ತಾರೆ.

ನಮ್ಮ ಹುಡುಗ ಹುಡುಗಿಯರನ್ನು ಹಿಂದಕ್ಕೆ ಎಳೆಯುವುದು ಇಂಗ್ಲಿಷಿನ ಭಯ. ಪಾವಗಡದಿಂದಲೋ ಶಿರಾದಿಂದಲೋ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಕೋಡ್ ಬರೆಯುವುದರಲ್ಲಿ ಯಾರಿಗೂ ಕಡಿಮೆಯಿಲ್ಲ. ಆದರೂ ಪ್ರಶ್ನೋತ್ತರದ ಮೈಕ್ ಹತ್ತಿರ ಬಂದರೆ ಎದೆ ಢವಗುಟ್ಟುತ್ತದೆ. ಎರಡು ಉಪಾಯಗಳಿವೆ. ಪ್ರಶ್ನೆಯನ್ನು ಮೊಬೈಲಿನಲ್ಲಿ ಬರೆದುಕೊಂಡು ನೋಡಿ ಓದಿ, ಅದರಲ್ಲಿ ಅವಮಾನವೇನಿಲ್ಲ, ದೊಡ್ಡ ದೊಡ್ಡವರೂ ಹಾಗೆ ಮಾಡುತ್ತಾರೆ. ಮೈಕೇ ಬೇಡವೆಂದರೆ ಭಾಷಣ ಮುಗಿದ ಮೇಲೆ ವೇದಿಕೆಯ ಪಕ್ಕ ಹೋಗಿ ನಿಲ್ಲಿ. ಇನ್ನು, ಪಡಸಾಲೆಯಲ್ಲಿ ಕನ್ನಡ ಮಾತನಾಡಬಾರದು ಎಂಬ ನಿಯಮ ಎಲ್ಲಿಯೂ ಇಲ್ಲ. ಹಾಸನ, ಮಂಡ್ಯ, ದಾವಣಗೆರೆಯವರು ಅಲ್ಲಿ ಇದ್ದೇ ಇರುತ್ತಾರೆ. ಕನ್ನಡದ ಒಂದು ಮಾತು ಕಿವಿಗೆ ಬಿದ್ದರೆ ಅವರಾಗಿಯೇ ಬರುತ್ತಾರೆ.

ಒಂದು ಎಚ್ಚರಿಕೆ. ಪರಿಚಯವಾದ ಮೊದಲ ನಿಮಿಷದಲ್ಲಿ ‘ನಿಮ್ಮಲ್ಲಿ ಕೆಲಸ ಇದೆಯೇ?’ ಎಂದು ಕೇಳಬೇಡಿ. ಕೆಲಸ ಕೊಡುವವರ ಮಳಿಗೆಗಳು ಬೇರೆಯೇ ಇರುತ್ತವೆ, ರೆಸ್ಯೂಮೆ ಅಲ್ಲಿಗೆ. ಕೇಳದೆ ಯಾರ ಫೋಟೊವನ್ನೂ ತೆಗೆಯಬೇಡಿ. ನಡವಳಿಕೆಯ ನಿಯಮಗಳನ್ನು ಹೋಗುವ ಮೊದಲೇ ಓದಿಕೊಳ್ಳಿ. ಅಂಥ ನಿಯಮಾವಳಿ ಇಲ್ಲದ ಸಮ್ಮೇಳನಕ್ಕೆ ನೆರವು ನೀಡುವುದಿಲ್ಲ ಎಂದು ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್ 2012ರಲ್ಲೇ ತೀರ್ಮಾನಿಸಿತ್ತು. ಯಾರಾದರೂ ಅಸಭ್ಯವಾಗಿ ನಡೆದುಕೊಂಡರೆ ದೂರು ಯಾರಿಗೆ ಕೊಡಬೇಕು ಎಂಬುದೂ ಅದರಲ್ಲೇ ಇರುತ್ತದೆ.

ಐದು ನಿಮಿಷದ ವೇದಿಕೆ

ದೊಡ್ಡ ಭಾಷಣಕ್ಕೆ ತಿಂಗಳುಗಳ ಮೊದಲೇ ಪ್ರಸ್ತಾವ ಕಳುಹಿಸಬೇಕು. ‘ಲೈಟ್ನಿಂಗ್ ಟಾಕ್’ ಹಾಗಲ್ಲ. ಬಹಳ ಕಡೆ ಅದೇ ದಿನ ಹೆಸರು ಕೊಟ್ಟರೆ ಸಾಕು, ಐದು ನಿಮಿಷ ನಿಮ್ಮದು. ಗಂಟೆ ಬಾರಿಸಿದೊಡನೆ ಸಭಿಕರೇ ಚಪ್ಪಾಳೆ ತಟ್ಟಿ ಇಳಿಸುತ್ತಾರೆ.

ನಾನು ಮೊದಲ ಸಲ ಹತ್ತಿದಾಗ ಹೇಳಲು ದೊಡ್ಡ ವಿಷಯವೇನೂ ಇರಲಿಲ್ಲ. ಪೈಥಾನ್ ತೆರೆದು ‘ತುಮಕೂರು’ ಪದದ ಉದ್ದ ಎಷ್ಟು ಎಂದು ಕೇಳಿದೆ. ನಾಲ್ಕಕ್ಷರದ ಊರಿಗೆ ಅದು ಏಳು ಎಂದಿತು. ‘ಕ್ಯಾತ್ಸಂದ್ರ’ ಎಂದು ಕೊಟ್ಟೆ. ಮೂರಕ್ಷರಕ್ಕೆ ಹನ್ನೊಂದು! ಸಭೆ ನಕ್ಕಿತು. ಕಾರಣ ಸರಳ. ಎಲ್ಲ ಲಿಪಿಗಳಿಗೂ ಕಂಪ್ಯೂಟರಿನಲ್ಲಿ ಸಂಕೇತ ಕೊಡುವ ಯೂನಿಕೋಡಿನಲ್ಲಿ ವ್ಯಂಜನಕ್ಕೆ ಒಂದು ಸಂಕೇತ, ಗುಣಿತದ ಚಿಹ್ನೆಗೆ ಒಂದು, ಅನುಸ್ವಾರಕ್ಕೆ ಒಂದು, ಒತ್ತಕ್ಷರ ಬರಬೇಕಾದರೆ ನಡುವೆ ವಿರಾಮದ ಸಂಕೇತ ಇನ್ನೊಂದು. ಪೈಥಾನ್ ಎಣಿಸುವುದು ಆ ಸಂಕೇತಗಳನ್ನು, ನಾವು ಎಣಿಸುವ ಅಕ್ಷರಗಳನ್ನಲ್ಲ. ‘ಹೆಸರು ಹತ್ತು ಅಕ್ಷರ ಮೀರಬಾರದು’ ಎಂದು ನೀವು ಅರ್ಜಿ ನಮೂನೆಯಲ್ಲಿ ಮಿತಿ ಹಾಕಿದರೆ ಕನ್ನಡದಲ್ಲಿ ಬರೆಯುವವರ ಪಾಡೇನು ಎಂದು ಕೇಳಿ ಕೆಳಗಿಳಿದೆ. ಇನ್ನೂ ಒಂದು ನಿಮಿಷ ಉಳಿದಿತ್ತು.

ಅಂದು ಸಂಜೆ ನಾನು ಯಾರನ್ನೂ ಹುಡುಕಿಕೊಂಡು ಹೋಗಬೇಕಾಗಲಿಲ್ಲ. ತಮಿಳಿನವರೊಬ್ಬರು, ಮಲಯಾಳದವರೊಬ್ಬರು ಬಂದು ತಂತಮ್ಮ ಭಾಷೆಯ ಇದೇ ಗೋಳು ಹೇಳಿಕೊಂಡರು. ಲಿನಕ್ಸಿನಲ್ಲಿ ‘ಗುಬ್ಬಿ’ ಎಂಬ ಕನ್ನಡ ಫಾಂಟ್ ಇದೆಯಲ್ಲ, ಅದು ನಿಮ್ಮ ಜಿಲ್ಲೆಯ ಊರೇ ಎಂದು ಮತ್ತೊಬ್ಬರು ಕೇಳಿದರು. ಅದರ ಜೊತೆಗಾರ ಫಾಂಟಿನ ಹೆಸರು ‘ನವಿಲು’, ಹಾಗಾಗಿ ಹಕ್ಕಿಯೇ ಇರಬೇಕು ಎಂದೆ. ಊರೆಂದೇ ಹೇಳಿಬಿಡಬಹುದಿತ್ತು ಎಂದು ಆಮೇಲೆ ಅನ್ನಿಸಿತು.

ವೇದಿಕೆಗೆ ಬೇಕಾದದ್ದು ಇಷ್ಟೇ: ನೀವು ಕೈಯಾರೆ ಮಾಡಿ ನೋಡಿದ ಒಂದು ಸಣ್ಣ ಸಂಗತಿ.

ಕೂತು ಕೆಲಸ ಮಾಡುವ ದಿನ

ಕೆಲವು ಸಮ್ಮೇಳನಗಳಲ್ಲಿ ‘ಸ್ಪ್ರಿಂಟ್’ ಎಂದು ಒಂದು ದಿನ ಇರುತ್ತದೆ. ಮುಕ್ತ ತಂತ್ರಾಂಶ ಯೋಜನೆಗಳನ್ನು ನಡೆಸುವವರು ಒಂದೊಂದು ಮೇಜು ಹಿಡಿದು ಕೂತು, ಬಂದವರಿಗೆ ಕೆಲಸ ಹಂಚುತ್ತಾರೆ. ಭಾಷಣವಿಲ್ಲ ಎಂದು ಅನೇಕರು ಆ ದಿನ ತಪ್ಪಿಸುತ್ತಾರೆ, ನನಗೆ ಅದು ಸಮ್ಮೇಳನದ ಅತ್ಯುತ್ತಮ ದಿನ. ಕೋಡಿನ ಬದಲಾವಣೆಗಳ ಲೆಕ್ಕವಿಡುವ ಗಿಟ್ ತಂತ್ರಾಂಶವನ್ನು ಮೊದಲೇ ಇನ್‌ಸ್ಟಾಲ್ ಮಾಡಿಕೊಂಡು ಹೋಗಿ, ಅಲ್ಲಿನ ವೈಫೈ ನಂಬಬೇಡಿ. ಸಮಸ್ಯೆಗಳ ಪಟ್ಟಿಯಲ್ಲಿ ‘ಗುಡ್ ಫಸ್ಟ್ ಇಶ್ಯೂ’ ಎಂಬ ಚೀಟಿ ಅಂಟಿಸಿರುವುದು ಹೊಸಬರಿಗೆಂದೇ. ಕೋಡಿಗೆ ಕೈ ಹಾಕಲು ಅಂಜಿಕೆಯಾದರೆ ಅನುವಾದ ಹಿಡಿಯಿರಿ. ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಕನ್ನಡದಲ್ಲಿರುವುದು ಹೀಗೆ ಕೂತು ಕೆಲಸ ಮಾಡಿದವರಿಂದಲೇ.

ಊರಿಗೆ ಬಂದ ಮೇಲೆ

ಪರಿಚಯವಾದವರಿಗೆ ಎರಡು ದಿನದೊಳಗೆ ಸಂದೇಶ ಕಳುಹಿಸಿ. ಬರೀ ‘ಭೇಟಿಯಾಗಿ ಸಂತೋಷವಾಯಿತು’ ಎಂದರೆ ಸಾಲದು, ಆಡಿದ ಮಾತಿನ ಎಳೆ ಇರಲಿ: ‘ನೀವು ಹೇಳಿದ ಆ ಕೋಡ್ ಲೈಬ್ರರಿ ಬಳಸಿ ನೋಡಿದೆ, ಇಲ್ಲಿ ಸಿಕ್ಕಿಕೊಂಡೆ.’ ವಾರ ಕಳೆದರೆ ನೀವು ಯಾರೆಂದು ಅವರಿಗೆ ಮರೆತಿರುತ್ತದೆ.

ಆಮೇಲೆ ತುಮಕೂರಿನಲ್ಲೇ ಒಂದು ಕೂಟ ಸೇರಿಸಿ. ಕಾಲೇಜಿನ ಸೆಮಿನಾರ್ ಕೊಠಡಿಯನ್ನು ಭಾನುವಾರಕ್ಕೆ ಕೇಳಿ, ಪರಿಚಯದ ಅಧ್ಯಾಪಕರೊಬ್ಬರು ಸಹಿ ಹಾಕಿದರೆ ಬೀಗದ ಕೈ ಸಿಗುತ್ತದೆ. ಒಂದು ಪ್ರೊಜೆಕ್ಟರ್, ಫ್ಲಾಸ್ಕಿನಲ್ಲಿ ಕಾಫಿ ಸಾಕು. ಆಂತರಿಕ ಪರೀಕ್ಷೆಯ ವಾರದಲ್ಲಿ ಇಡಬೇಡಿ, ನಾನು ಇಟ್ಟು ಖಾಲಿ ಕುರ್ಚಿಗಳಿಗೆ ಭಾಷಣ ಮಾಡಿದ್ದೇನೆ. ಬೆಂಗಳೂರಿನಲ್ಲಿ ಪರಿಚಯವಾದ ಒಬ್ಬರನ್ನು ಕರೆಯಿರಿ. ಮಾದಾವರದಿಂದ ಬಸ್ಸು ಯಾವುದು, ಎಲ್ಲಿ ಇಳಿಯಬೇಕು ಎಂದು ಮೊದಲೇ ಬರೆದು ಕಳುಹಿಸಿ. ಮೊದಲ ಸಲ ಆರು ಜನ ಬಂದಿದ್ದರೆ ಕುರ್ಚಿಗಳನ್ನು ಸಾಲು ಬಿಡಿಸಿ ಗುಂಡಗೆ ಹಾಕಿ, ಒಂದು ಕುರ್ಚಿ ಹೆಚ್ಚಿಗೆ ಇಡಿ. ಎಲ್ಲರೂ ಏಳುವ ಮುಂಚೆ ಮುಂದಿನ ತಿಂಗಳ ದಿನಾಂಕವನ್ನು ಬೋರ್ಡಿನ ಮೇಲೆ ಬರೆದುಬಿಡಿ.