ಡೆವಿಲ್ಸ್ ಡೈಕ್: ಕಂದಕ ಯಾವ ಕಡೆಗಿದೆ ಅಂತ ನೋಡಿದೆ

ಇಂಗ್ಲೆಂಡಿನ ಕೇಂಬ್ರಿಡ್ಜ್‌ಶೈರ್‌ನಲ್ಲಿ ರೀಚ್ ಎಂಬ ಹಳ್ಳಿಯಿಂದ ವುಡ್‌ಡಿಟನ್‌ವರೆಗೆ ಸುಮಾರು 12 ಕಿಲೋಮೀಟರ್ ಉದ್ದದ ಮಣ್ಣಿನ ದಿಬ್ಬವಿದೆ, ಹೆಸರು ಡೆವಿಲ್ಸ್ ಡೈಕ್, ಅಂದರೆ ಸೈತಾನನ ದಿಬ್ಬ. ಪಕ್ಕದಲ್ಲೇ ಕಂದಕ. ನಮ್ಮ ಕಡೆಯವರಿಗೆ ತಕ್ಷಣ ಕೆರೆ ಏರಿ ನೆನಪಾಗುತ್ತದೆ, ಆದರೆ ಇಲ್ಲಿ ತಡೆಯಲು ನೀರೇ ಇಲ್ಲ. ಕರೆಯದೆ ಮದುವೆಗೆ ಬಂದ ಸೈತಾನನನ್ನು ರೀಚ್‌ನವರು ಓಡಿಸಿದರಂತೆ, ಸಿಟ್ಟಿಗೆ ಅವನ ಬಾಲ ಎಳೆದ ಗೆರೆಯಂತೆ ಇದು. ಯಾರು, ಯಾಕೆ ಕಟ್ಟಿದರೋ ಗೊತ್ತಿಲ್ಲದಿದ್ದರೆ ಕಥೆಗೆ ಬರವೇ?

ನಾನು ಮೊದಲು ಕೂತಿದ್ದು ಲ್ಯಾಪ್‌ಟಾಪ್ ಮುಂದೆ. ವಿಮಾನದಿಂದ ಲೇಸರ್ ಬಿಟ್ಟು ನೆಲದ ಎತ್ತರ ಅಳೆದ ಲೈಡಾರ್ ಮಾಹಿತಿ ಅಲ್ಲಿ ಪುಕ್ಕಟೆ ಸಿಗುತ್ತದೆ. ಅದನ್ನು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ತೆರೆದೆ. ಒಂದು ಕಿವಿಮಾತು: ನೆಲದ ಏರಿಳಿತ ತೋರಿಸುವ ನೆರಳಿನ ನಕ್ಷೆಗೆ ಸಾಮಾನ್ಯವಾಗಿ ವಾಯವ್ಯದಿಂದ ಬೆಳಕು ಬಿಡುತ್ತಾರೆ. ಈ ದಿಬ್ಬ ಮಲಗಿರುವುದೂ ವಾಯವ್ಯದಿಂದ ಆಗ್ನೇಯಕ್ಕೇ. ಬೆಳಕು ಉದ್ದಕ್ಕೆ ಹರಿದರೆ ನೆರಳು ಎಲ್ಲಿ ಬೀಳಬೇಕು? 225 ಡಿಗ್ರಿಗೆ, ಅಂದರೆ ನೈಋತ್ಯಕ್ಕೆ ತಿರುಗಿಸಿ, ಗೆರೆ ಎದ್ದು ಕಾಣುತ್ತದೆ. ಆಮೇಲೆ ನಕ್ಷೆಯಲ್ಲೇ ಅಲ್ಲಲ್ಲಿ ದಿಬ್ಬವನ್ನು ಅಡ್ಡಕ್ಕೆ ಕೊಯ್ದು ನೋಡಿದೆ. ಕಂದಕ ನೈಋತ್ಯದ ಬದಿಗೇ ಇದೆ. ಕಟ್ಟಿದವರು ಈಶಾನ್ಯದವರು, ಅವರ ಭಯವೆಲ್ಲ ನೈಋತ್ಯದ ಕಡೆಗೆ.

ನಡೆಯಲು ಚಳಿಗಾಲ ಮುಗಿಯುವ ಹೊತ್ತು ಒಳ್ಳೆಯದು. ಪೊದೆಗಳಲ್ಲಿ ಎಲೆ ಇರುವುದಿಲ್ಲ, ಕಂದಕದ ತಳದವರೆಗೂ ಕಾಣುತ್ತದೆ. ಕೆಲವೆಡೆ ಆ ತಳದಿಂದ ದಿಬ್ಬದ ನೆತ್ತಿಗೆ 9 ಮೀಟರ್ ಹತ್ತಿರ. ಮೊಲ ಬಿಲ ತೋಡಿದಲ್ಲಿ ಒಳಗಿನ ಸೀಮೆಸುಣ್ಣದ ಕಲ್ಲು ಬೆಳ್ಳಗೆ ಉದುರಿರುತ್ತದೆ. ಹೊಸದರಲ್ಲಿ ಇಡೀ ದಿಬ್ಬ ಹೀಗೇ ಬೆಳ್ಳಗೆ ಹೊಳೆದಿರಬೇಕು. ದೂರದಿಂದಲೇ ಹೆದರಿಸಲಿಕ್ಕೂ ಆಯಿತು, ಅಲ್ವಾ?

ದಿಬ್ಬದಡಿ ರೋಮನ್ ಕಾಲದ ಮಡಕೆ ಚೂರು ಸಿಕ್ಕಿವೆ. ಹಾಗಾಗಿ ಕಟ್ಟಿದ್ದು ಅದಾದ ಮೇಲೆ, 5ರಿಂದ 7ನೇ ಶತಮಾನದೊಳಗೆ ಎಂಬುದು ಹೆಚ್ಚಿನವರ ಲೆಕ್ಕ. ರೀಚ್ ತುದಿಯಲ್ಲಿ ಆಗ ಜೌಗು ನೆಲ, ಇನ್ನೊಂದು ತುದಿಯಲ್ಲಿ ಕಾಡು. ನಡುವಿನ ಬಯಲಲ್ಲಿ ಇಕ್‌ನೀಲ್ಡ್ ವೇ ಎಂಬ ಹಳೇ ದಾರಿ. ಅದನ್ನು ಕಟ್ಟಿಹಾಕುವುದೇ ಉದ್ದೇಶ ಅನ್ನುವುದು ನನಗೂ ಒಪ್ಪಿಗೆ. ಸೈನ್ಯ ತಡೆಯಲಿಕ್ಕೆ ಅನ್ನುವುದಷ್ಟೇ ಗಂಟಲಲ್ಲಿ ಇಳಿಯುವುದಿಲ್ಲ. ಇಷ್ಟುದ್ದಕ್ಕೂ ಕಾವಲಿಗೆ ಜನ ಎಲ್ಲಿಂದ ತರೋದು? ತುರುಗೋಳಿಗೆ ಬಂದವರಿಗಾದರೆ ಇದು ಸರಿಯಾದ ಅಡ್ಡಿ. ಒಳಗೆ ನುಸುಳಬಹುದು, ಆದರೆ ಹೊಡೆದುಕೊಂಡ ದನಗಳನ್ನು ದಿಬ್ಬ ಹತ್ತಿಸಿ, ಕಂದಕಕ್ಕೆ ಇಳಿಸಿ, ಮತ್ತೆ ಆಚೆ ಹತ್ತಿಸೋದು ಹುಡುಗಾಟವಲ್ಲ.

ಇದಕ್ಕೆ ಒಂದು ತೊಡಕಿದೆ. ನೈಋತ್ಯಕ್ಕೆ ಸ್ವಲ್ಪ ದೂರದಲ್ಲಿ ಫ್ಲೀಮ್ ಡೈಕ್ ಎಂಬ ಇನ್ನೊಂದು ದಿಬ್ಬ. ಅದರ ಕಂದಕವೂ ಅದೇ ಕಡೆಗೆ. ಅದನ್ನು ಹಂತ ಹಂತವಾಗಿ ಎತ್ತರಿಸಿದ್ದಾರೆ ಅನ್ನುತ್ತದೆ ಕಾಲ ಗುರುತಿಸುವ ಕಾರ್ಬನ್ ಪರೀಕ್ಷೆ. ದನ ಕಾಯಲು ಒಂದು ಸಾಲದೆ ಎರಡು ಬೇಕಿತ್ತಾ, ಇಲ್ಲಾ ಗಡಿಯೇ ಹಿಂದೆ ಸರಿಯಿತಾ?