ಹೋಳಿಗೆಗೆ ಪಳಗಿದ ಕೈ, ಆ್ಯಪಲ್ ಪೈ

ಹೋಳಿಗೆ ಮಾಡಲು ಬರುವವರಿಗೆ ಆ್ಯಪಲ್ ಪೈ ಅರ್ಧ ಬಂದ ಹಾಗೆಯೇ. ಇಲ್ಲೂ ಕಣಕ ಇದೆ, ಒಳಗೆ ಸೇಬಿನ ಹೂರಣ ಇದೆ, ಬೇಯುವುದು ಮಾತ್ರ ಓವನ್ನಿನಲ್ಲಿ. ಹೂರಣ ನೀರಾದರೆ ಇದೂ ಕೆಡುತ್ತದೆ. ಫಜೀತಿ ಇರುವುದು ಉಳಿದರ್ಧದಲ್ಲಿ. ಹೋಳಿಗೆಯ ಕಣಕವನ್ನು ಎಣ್ಣೆ ಸುರಿದು, ನಾದಿ ನಾದಿ, ಎಳೆದರೆ ರಬ್ಬರಿನಂತೆ ಬರುವ ಹಾಗೆ ಮಾಡುತ್ತೇವೆ. ಪೈ ಕಣಕವನ್ನು ನಾದಲೇಬಾರದು. ವರ್ಷಗಟ್ಟಲೆ ನಾದಿ ರೂಢಿಯಾದ ಕೈಯನ್ನು ಸುಮ್ಮನಿರಿಸುವುದೇ ಈ ಅಡುಗೆಯಲ್ಲಿ ಕಷ್ಟದ ಕೆಲಸ.

ಇದು ನನಗೆ ಗೊತ್ತಾಗಿದ್ದು ಒಂದು ಏಪ್ರಿಲ್ ಮಧ್ಯಾಹ್ನ, ಮೊದಲ ಪೈ ಹಾಳಾದ ಮೇಲೆ. ಹಿಟ್ಟನ್ನು ಚಪಾತಿಗಿಂತ ಚೆನ್ನಾಗಿ ನಾದಿದ್ದೆ. ಸೇಬನ್ನು ಬಿಟ್ಟ ನೀರಿನ ಸಮೇತ ಸುರಿದಿದ್ದೆ. ಓವನ್ನಿನಿಂದ ಹೊರಬಂದಾಗ ಮೇಲೆ ಹಲಗೆ, ಕೆಳಗೆ ಅಂಬಲಿ. ಅಮ್ಮ ಒಂದು ಚಮಚ ಬಾಯಿಗಿಟ್ಟು, "ಗೊಜ್ಜು ಚೆನ್ನಾಗಿದೆ. ಅದರ ಮೇಲೆ ಯಾಕೆ ರೊಟ್ಟಿ ಮುಚ್ಚಿದ್ದೀಯಾ?" ಎಂದು ಕೇಳಿದರು.

ಮೊದಲು ಸೇಬು

ಅಂಗಡಿಯಲ್ಲಿ ಕಣ್ಣಿಗೆ ಹೊಡೆಯುತ್ತದೆ ಎಂದು ಬರೀ ಕಡುಗೆಂಪು ಸೇಬನ್ನೇ ಪೈಗೆ ತರಬೇಡಿ. ಅದು ಡೆಲಿಷಿಯಸ್ ಜಾತಿಯದು. ಅಮೆರಿಕದಿಂದ ಬಂದು ಶಿಮ್ಲಾ ಹತ್ತಿರದ ಕೋಟ್‌ಗಢದಲ್ಲಿ ನೆಲೆಸಿದ ಸ್ಯಾಮ್ಯುಯೆಲ್ ಸ್ಟೋಕ್ಸ್, ಸುಮಾರು 1916ರಲ್ಲಿ ಅದನ್ನು ಹಿಮಾಚಲಕ್ಕೆ ಪರಿಚಯಿಸಿದರು. ಹಾಗೇ ಕಚ್ಚಿ ತಿನ್ನಲು ಒಳ್ಳೆಯದು. ಆದರೆ ಹುಳಿ ಕಡಿಮೆ, ಬೇಯಿಸಿದರೆ ಹಿಟ್ಟು ಹಿಟ್ಟಾಗುತ್ತದೆ. ಪೈಗೆ ಬೇಕಾಗಿರುವುದು ಗಟ್ಟಿಯಾದ, ಹುಳಿಯಾದ ಸೇಬು. ಹಸಿರು ಬಣ್ಣದ ಗ್ರ್ಯಾನಿ ಸ್ಮಿತ್ ಎಲ್ಲಕ್ಕಿಂತ ಉತ್ತಮ, ಆದರೆ ಬೆಲೆ ಜಾಸ್ತಿ. ನಾನು ಮಾಡುವುದು ಅರ್ಧಂಬರ್ಧ: ಅರ್ಧ ಕೆಜಿ ಗ್ರ್ಯಾನಿ ಸ್ಮಿತ್, ಅರ್ಧ ಕೆಜಿ ನಮ್ಮ ಕೆಂಪು ಸೇಬು. ಹಸಿರು ಹೋಳು ಆಕಾರ ಹಿಡಿದು ನಿಲ್ಲುತ್ತದೆ, ಕೆಂಪು ಹೋಳು ಕರಗಿ ಅದಕ್ಕೆ ಅಂಟಿಕೊಳ್ಳುತ್ತದೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ಹೊಸ ಫಸಲು ಬಂದಾಗ ಬೆಂಗಳೂರಿನ ರಸೆಲ್ ಮಾರ್ಕೆಟ್ಟಿನಲ್ಲೋ ಹಾಪ್‌ಕಾಮ್ಸ್ ಮಳಿಗೆಯಲ್ಲೋ ಒತ್ತಿ ನೋಡಿ ತನ್ನಿ. ಹೆಬ್ಬೆರಳು ಒಳಕ್ಕೆ ಹೋದರೆ ಬೇಡ.

ಒಂದು ಕಾಲದಲ್ಲಿ ಬೆಂಗಳೂರಿನ ತೋಟಗಳಲ್ಲೇ ಸೇಬು ಬೆಳೆಯುತ್ತಿದ್ದರು ಎಂದರೆ ಈಗ ಯಾರೂ ನಂಬುವುದಿಲ್ಲ. ಇನ್ನೊಂದು ತಮಾಷೆ ಕೇಳಿ. ಬ್ರಿಟಿಷರ ಕಾಲದಲ್ಲಿ ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರನ್ ನಮ್ಮೂರಿಗೆ ತಂದ ಸೀಮೆಬದನೆಕಾಯಿ ಇದೆಯಲ್ಲ, ಆಸ್ಟ್ರೇಲಿಯಾದಲ್ಲಿ ಅದನ್ನು ಚೊಕೊ ಎನ್ನುತ್ತಾರೆ. ಸೇಬಿಗೆ ದುಡ್ಡಿಲ್ಲದ ಕಾಲದಲ್ಲಿ ಅಲ್ಲಿನವರು ಅದನ್ನೇ ಸಕ್ಕರೆ, ನಿಂಬೆರಸದಲ್ಲಿ ಬೇಯಿಸಿ ಪೈಗೆ ತುಂಬುತ್ತಿದ್ದರು. ನಾನಂತೂ ಸೀಮೆಬದನೆಕಾಯಿಯನ್ನು ಕೂಟಿಗೇ ಬಿಟ್ಟಿದ್ದೇನೆ.

ಕಣಕ: ನಾದಬೇಡಿ, ಕೂಡಿಸಿ

ಎಂಟು ಇಂಚಿನ ತಟ್ಟೆಗೆ 300 ಗ್ರಾಂ ಮೈದಾ, 200 ಗ್ರಾಂ ಉಪ್ಪಿಲ್ಲದ ಬೆಣ್ಣೆ, ಅರ್ಧ ಚಮಚ ಉಪ್ಪು, ಒಂದು ದೊಡ್ಡ ಚಮಚ ಸಕ್ಕರೆ, 80 ರಿಂದ 100 ಮಿಲಿ ಐಸ್ ನೀರು. ಉಪ್ಪಿನ ಬೆಣ್ಣೆಯೇ ಮನೆಯಲ್ಲಿದ್ದರೆ ಬೇರೆ ಉಪ್ಪು ಹಾಕಬೇಡಿ, ಅಷ್ಟೇ.

ತುಪ್ಪ ಆಗುವುದಿಲ್ಲವೇ ಎಂದು ಹಲವರು ಕೇಳುತ್ತಾರೆ. ಆಗುವುದಿಲ್ಲ. ಅಂಗಡಿಯ ಬೆಣ್ಣೆಯಲ್ಲಿ ಶೇ 80ರಷ್ಟು ಕೊಬ್ಬು, ಉಳಿದದ್ದು ಬಹುಪಾಲು ನೀರು. ಓವನ್ನಿನ ಬಿಸಿಗೆ ಬೆಣ್ಣೆಯ ಚೂರು ಕರಗಿ ಜಾಗ ಬಿಡುತ್ತದೆ, ಅದರೊಳಗಿನ ನೀರು ಆವಿಯಾಗಿ ಹಿಟ್ಟನ್ನು ಮೇಲಕ್ಕೆತ್ತುತ್ತದೆ. ಪದರ ಏಳುವುದು ಹೀಗೆ. ತುಪ್ಪದಲ್ಲಿ ನೀರೇ ಇಲ್ಲ. ಅದನ್ನು ಹಾಕಿದರೆ ನಿಪ್ಪಟ್ಟಿನ ಹಾಗೆ ಪುಡಿಪುಡಿಯಾಗುತ್ತದೆ, ಪದರ ಬರುವುದಿಲ್ಲ. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ಮಜ್ಜಿಗೆ ಜಾಸ್ತಿ ಉಳಿದಿರುತ್ತದೆ, ಲೆಕ್ಕ ತಪ್ಪುತ್ತದೆ. ಅದನ್ನು ಅಕ್ಕಿರೊಟ್ಟಿಗೆ ಇಟ್ಟುಕೊಳ್ಳಿ.

ಬೆಣ್ಣೆಯನ್ನು ಬಟಾಣಿಗಿಂತ ಸ್ವಲ್ಪ ದೊಡ್ಡ ಚೂರುಗಳಾಗಿ ಕತ್ತರಿಸಿ, ಹದಿನೈದು ನಿಮಿಷ ಫ್ರೀಜರಿನಲ್ಲಿಡಿ. ಮೈದಾವನ್ನೂ ಫ್ರಿಜ್ಜಿನಲ್ಲಿಡಿ. ನಗಬೇಡಿ, ಏಪ್ರಿಲ್‌ನಲ್ಲಿ ನಮ್ಮ ಅಡುಗೆಮನೆಯ ಬಿಸಿಗೆ ಬೆಣ್ಣೆ ಕೈಯಲ್ಲೇ ಕರಗಿ ಹೋಗುತ್ತದೆ. ಡಿಸೆಂಬರಿನ ಬೆಳಿಗ್ಗೆ ಇಷ್ಟು ಸರ್ಕಸ್ ಬೇಕಿಲ್ಲ. ನನ್ನ ಮಟ್ಟಿಗೆ ಬೆಂಗಳೂರಿನಲ್ಲಿ ಪೈ ಕಾಲ ಎಂದರೆ ದೀಪಾವಳಿಯಿಂದ ಸಂಕ್ರಾಂತಿಯವರೆಗೆ.

ಈಗ ಮೈದಾ, ಉಪ್ಪು, ಸಕ್ಕರೆ ಬೆರೆಸಿ ಬೆಣ್ಣೆ ಹಾಕಿ. ಅಂಗೈ ತಾಗಿಸದೆ ಬೆರಳ ತುದಿಯಿಂದ ಮಾತ್ರ ಹಿಸುಕುತ್ತಾ ಹೋಗಿ, ಏಕೆಂದರೆ ಅಂಗೈ ಬಿಸಿ. ಎಲ್ಲಿ ನಿಲ್ಲಿಸಬೇಕು? ಹಿಟ್ಟು ದಪ್ಪ ರವೆಯ ಹಾಗಾಗಿ, ನಡುನಡುವೆ ಬಟಾಣಿ ಗಾತ್ರದ ಬೆಣ್ಣೆ ಇನ್ನೂ ಕಾಣುತ್ತಿರುವಾಗ. ನಮ್ಮ ಕೈ ಇನ್ನೂ ಸ್ವಲ್ಪ ಹೊಂದಿಸೋಣ ಎನ್ನುತ್ತದೆ. ಕೇಳಬೇಡಿ. ಚಿರೋಟಿಯಲ್ಲಿ ತುಪ್ಪ, ಅಕ್ಕಿಹಿಟ್ಟು ಸವರಿ ಪದರ ಮಾಡುತ್ತೇವಲ್ಲ, ಇಲ್ಲಿ ಆ ಕೆಲಸವನ್ನು ಈ ಬಟಾಣಿ ಚೂರುಗಳೇ ಮಾಡುತ್ತವೆ.

ಐಸ್ ನೀರನ್ನು ಒಂದೊಂದೇ ಚಮಚ ಚಿಮುಕಿಸಿ, ಫೋರ್ಕಿನಿಂದ ಕಲಸಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ ನಿಂತರೆ ಸಾಕು, ಮತ್ತೆ ನೀರು ಬೇಡ. ನೋಡಲು ಒಡಕು ಒಡಕಾಗಿ, ಚಪಾತಿ ಹಿಟ್ಟಾಗಿದ್ದರೆ ಅತ್ತೆ ಬೈಯುವಷ್ಟು ಕೆಟ್ಟದಾಗಿರುತ್ತದೆ. ಹಾಗೇ ಇರಬೇಕು. ಎರಡು ಭಾಗ ಮಾಡಿ, ಒಂದು ಸ್ವಲ್ಪ ದೊಡ್ಡದಿರಲಿ. ಬಿಲ್ಲೆಯಂತೆ ತಟ್ಟಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಕನಿಷ್ಠ ಒಂದು ಗಂಟೆ ಇಡಿ. ಹಿಂದಿನ ರಾತ್ರಿಯೇ ಮಾಡಿಟ್ಟರೆ ಇನ್ನೂ ಒಳ್ಳೆಯದು. ಒಡಕಾಗಿದ್ದ ಹಿಟ್ಟು ಅಷ್ಟರಲ್ಲಿ ತಾನೇ ನೀರು ಹೀರಿ ಕೂಡಿಕೊಂಡಿರುತ್ತದೆ.

ಹೂರಣ: ನೀರನ್ನು ಹೊರಗೇ ತೆಗೆಯಿರಿ

ಒಂದು ಕೆಜಿ ಸೇಬಿನ ಸಿಪ್ಪೆ, ಬೀಜ ತೆಗೆದು ಅರ್ಧ ಸೆಂಟಿಮೀಟರ್ ದಪ್ಪದ ಹೋಳು ಮಾಡಿ. ಒಂದು ನಿಂಬೆಹಣ್ಣಿನ ರಸ, 100 ಗ್ರಾಂ ಸಕ್ಕರೆ, ಒಂದು ಚಮಚ ಚಕ್ಕೆ ಪುಡಿ, ಚಿಟಿಕೆ ಜಾಯಿಕಾಯಿ, ಚಿಟಿಕೆ ಉಪ್ಪು ಬೆರೆಸಿ ಮುಕ್ಕಾಲು ಗಂಟೆ ಬಿಡಿ. ಬಿರಿಯಾನಿಗೆ ಹಾಕುವ ದಪ್ಪ ಚಕ್ಕೆ ಖಾರ ಜಾಸ್ತಿ, ಅದನ್ನೇ ಪುಡಿ ಮಾಡುವುದಾದರೆ ಮುಕ್ಕಾಲು ಚಮಚ ಸಾಕು. ಏಲಕ್ಕಿ ಹಾಕಬಹುದೇ? ಹಾಕಬಹುದು, ಆದರೆ ಆಮೇಲೆ ಅದು ಪಾಯಸದ ಹಾಗೆ ಪರಿಮಳಿಸುತ್ತದೆ. ನಾನು ಹಾಕುವುದಿಲ್ಲ.

ಸಕ್ಕರೆ ಸೋಕಿದ ಸೇಬು ಅರ್ಧ ಲೋಟದಷ್ಟು ನೀರು ಬಿಡುತ್ತದೆ. ನನ್ನ ಮೊದಲ ಪೈ ಅಂಬಲಿಯಾಗಿದ್ದು ಇದರಿಂದಲೇ. ಹೋಳುಗಳನ್ನು ಜರಡಿಗೆ ಹಾಕಿ ಬಸಿಯಿರಿ. ಬಸಿದ ರಸವನ್ನು ಚೆಲ್ಲಬೇಡಿ, ಅದರಲ್ಲೇ ರುಚಿ ಇರುವುದು. ಸಣ್ಣ ಬಾಣಲೆಯಲ್ಲಿ ಒಂದು ಚಮಚ ಬೆಣ್ಣೆಯ ಜೊತೆ ಕುದಿಸಿ, ಎರಡು ಮೂರು ದೊಡ್ಡ ಚಮಚದಷ್ಟು ಉಳಿಯುವವರೆಗೆ ಇಂಗಿಸಿ. ಜೇನುತುಪ್ಪದ ಹದ ಬಂದರೆ ಆಯಿತು. ಪೂರ್ತಿ ಆರಿದ ಮೇಲೆ ಹೋಳುಗಳಿಗೆ ಬೆರೆಸಿ, ಎರಡು ದೊಡ್ಡ ಚಮಚ ಕಾರ್ನ್‌ಫ್ಲೋರ್ ಉದುರಿಸಿ. ಬಿಸಿ ಹೂರಣ ತುಂಬಿದರೆ ಹೋಳಿಗೆ ಹರಿಯುತ್ತದೆ. ಇಲ್ಲಿ ಕಣಕದ ಬೆಣ್ಣೆಯೇ ಕರಗಿ ಹೋಗುತ್ತದೆ.

ಲಟ್ಟಿಸಿ, ತುಂಬಿ, ಮುಚ್ಚಿ

ಅಡುಗೆ ಕಟ್ಟೆ ಗ್ರಾನೈಟಿನದಾದರೆ ನಿಮ್ಮ ಪುಣ್ಯ. ಕಲ್ಲು ತಣ್ಣಗಿರುತ್ತದೆ. ಸೆಕೆಯ ದಿನ ಹತ್ತು ನಿಮಿಷ ಅದರ ಮೇಲೆ ಐಸ್ ತುಂಬಿದ ತಟ್ಟೆ ಇಟ್ಟು, ಒರೆಸಿ, ಮೈದಾ ಉದುರಿಸಿ ಲಟ್ಟಿಸಿ. ಎರಡು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು ದಪ್ಪ ಇರಲಿ. ದೊಡ್ಡ ಬಿಲ್ಲೆ ಹನ್ನೊಂದು ಇಂಚಿನ ವೃತ್ತವಾಗಬೇಕು. ಲಟ್ಟಣಿಗೆಗೆ ಸುತ್ತಿಕೊಂಡು ತಟ್ಟೆಯ ಮೇಲೆ ಬಿಚ್ಚಿ. ಮೂಲೆಗೆ ಎಳೆದು ಕೂರಿಸಬೇಡಿ, ಎಳೆದದ್ದು ಬೇಯುವಾಗ ಕುಗ್ಗುತ್ತದೆ. ಎತ್ತಿ ಇಳಿಬಿಡಿ. ಗಾಜಿನ ತಟ್ಟೆಗಿಂತ ಅಲ್ಯುಮಿನಿಯಂ ತಟ್ಟೆ ಬೇಗ ಕಾಯುತ್ತದೆ, ತಳ ಗರಿಗರಿಯಾಗುತ್ತದೆ.

ಹೂರಣವನ್ನು ಒತ್ತಾಗಿ, ನಡುವೆ ಉಬ್ಬುವಂತೆ ತುಂಬಿ. ಇನ್ನೊಂದು ಬಿಲ್ಲೆಯನ್ನು ಲಟ್ಟಿಸಿ ಮುಚ್ಚಿ. ಅಂಚನ್ನು ಕಡುಬಿನ ಅಂಚು ಮಡಿಸುವಂತೆ ಮಡಿಸಿ ಒತ್ತಿ. ಮೇಲೆ ನಾಲ್ಕೈದು ಕಡೆ ಚಾಕುವಿನಿಂದ ಸೀಳಿ, ಆವಿ ಹೋಗಲು ದಾರಿ ಬೇಕು. ಮೊಟ್ಟೆ ತಿನ್ನುವವರು ಮೊಟ್ಟೆ ಸವರಿ, ಇಲ್ಲದವರು ಹಾಲು ಸವರಿ. ಮೇಲೊಂದು ಚಮಚ ಸಕ್ಕರೆ ಉದುರಿಸಿ, ಇಡೀ ತಟ್ಟೆಯನ್ನು ಇಪ್ಪತ್ತು ನಿಮಿಷ ಮತ್ತೆ ಫ್ರಿಜ್ಜಿಗಿಡಿ. ಜಡೆ ಹೆಣೆದಂತೆ ಪಟ್ಟಿ ಹೆಣೆಯುವ ಆಸೆ ಮೊದಲ ಸಲಕ್ಕೆ ಬೇಡ.

ಓವನ್

ಓಟಿಜಿಯನ್ನು, ಅಂದರೆ ಮನೆಯಲ್ಲಿಡುವ ಪುಟ್ಟ ಕರೆಂಟ್ ಓವನ್ನನ್ನು, ಮೇಲೆ ಕೆಳಗೆ ಎರಡೂ ರಾಡ್ ಹಾಕಿ 200 ಡಿಗ್ರಿಗೆ, ಒಳಗೊಂದು ಟ್ರೇ ಇಟ್ಟು, ಹದಿನೈದು ನಿಮಿಷ ಕಾಯಿಸಿ. ದೊಡ್ಡ ಓಟಿಜಿ 1500 ವ್ಯಾಟ್ ಎಳೆಯುತ್ತದೆ, ಮೊಬೈಲ್ ಚಾರ್ಜ್ ಮಾಡುವ ಸಾಕೆಟ್ಟಿಗೆ ಸಿಕ್ಕಿಸಬೇಡಿ. 16 ಆಂಪ್ ಸಾಕೆಟ್ ಬೇಕು. ಪೈಯನ್ನು ಕಾದ ಟ್ರೇ ಮೇಲೆ, ಕೆಳಗಿನ ಅಂಕಣದಲ್ಲಿ ಇಡಿ. ತಳ ಬೇಗ ಬೇಯುತ್ತದೆ, ಉಕ್ಕಿದ ರಸವನ್ನೂ ಟ್ರೇ ಹಿಡಿಯುತ್ತದೆ. ಇಪ್ಪತ್ತು ನಿಮಿಷದ ನಂತರ 180ಕ್ಕೆ ಇಳಿಸಿ, ಇನ್ನು ಮೂವತ್ತೈದು ನಲವತ್ತು ನಿಮಿಷ. ಸಣ್ಣ ಓಟಿಜಿಯಲ್ಲಿ ಮೇಲ್ಮೈ ರಾಡಿಗೆ ಹತ್ತಿರ, ಬೇಗ ಕಪ್ಪಾಗುತ್ತದೆ. ಆಗ ಫಾಯಿಲ್ ಮುಚ್ಚಿ.

ಬಣ್ಣ ನೋಡಿ ಹೊರತೆಗೆಯಬೇಡಿ. ಸೀಳಿನೊಳಗೆ ರಸ ಕೊತಕೊತ ಕುದಿಯುತ್ತಿರಬೇಕು, ಆ ಬಿಸಿ ಮುಟ್ಟಿದರೆ ಮಾತ್ರ ಕಾರ್ನ್‌ಫ್ಲೋರ್ ಗಟ್ಟಿಯಾಗುವುದು. ನಡುವೆ ಕರೆಂಟ್ ಹೋದರೆ ಬಾಗಿಲು ತೆರೆಯದೆ ಕಾಯಿರಿ. ಹತ್ತು ನಿಮಿಷಕ್ಕೆ ಏನೂ ಆಗುವುದಿಲ್ಲ. ಕುಕ್ಕರಿನಲ್ಲಿ ಮಾಡಬಹುದೇ ಎಂದರೆ, ಮೇಲಿನಿಂದ ಶಾಖ ಇಲ್ಲದೆ ಪೈ ಮೇಲಿನ ಕಣಕ ಬಿಳಿಚಿಕೊಂಡೇ ಇರುತ್ತದೆ. ಮೈಕ್ರೋವೇವ್ ಆದರೆ ಬಿಸಿಗಾಳಿ ಸುತ್ತಿಸಿ ಬೇಯಿಸುವ ಕನ್ವೆಕ್ಷನ್ ಇರುವುದೇ ಆಗಬೇಕು.

ಐಸ್ ಕ್ರೀಮ್ ಜೊತೆ

ಹೊರಬಂದ ಕೂಡಲೇ ಮನೆಯೆಲ್ಲ ಘಮ್ಮೆನ್ನುತ್ತದೆ, ಮಕ್ಕಳು ತಟ್ಟೆ ಹಿಡಿದು ನಿಲ್ಲುತ್ತಾರೆ. ಕತ್ತರಿಸಬೇಡಿ. ರಸ ಗಟ್ಟಿಯಾಗಲು ಎರಡು ಮೂರು ಗಂಟೆ ಬೇಕು. ಮಧ್ಯಾಹ್ನ ಬೇಯಿಸಿದ್ದನ್ನು ರಾತ್ರಿ ಊಟದ ನಂತರ ಕತ್ತರಿಸಿ, ತುಂಡುಗಳನ್ನು 150 ಡಿಗ್ರಿಯಲ್ಲಿ ಹತ್ತು ನಿಮಿಷ ಬಿಸಿ ಮಾಡಿ.

ಬಿಸಿಯದರ ಜೊತೆ ತಣ್ಣಗಿನದು ನಮಗೇನೂ ಹೊಸತಲ್ಲ. ಬೆಂಗಳೂರಿನ ರಿಸೆಪ್ಷನ್ ಊಟಗಳಲ್ಲಿ ಬಿಸಿ ಜಾಮೂನಿನ ಪಕ್ಕ ವೆನಿಲ್ಲಾ ತಿಂದೇ ಬೆಳೆದವರು ನಾವು. ಇಲ್ಲೂ ವೆನಿಲ್ಲಾವೇ ಸರಿ. ಬಟರ್‌ಸ್ಕಾಚ್ ಆದರೆ ಸಿಹಿಯ ಮೇಲೆ ಸಿಹಿ. ಡಬ್ಬಿ ಕೊಳ್ಳುವಾಗ ಲೇಬಲ್ ನೋಡಿ. ಫ್ರೋಜನ್ ಡೆಸರ್ಟ್ ಎಂದಿದ್ದರೆ ಅದರಲ್ಲಿ ಹಾಲಿನ ಕೊಬ್ಬಿನ ಬದಲು ಸಸ್ಯದ ಎಣ್ಣೆ ಇರುತ್ತದೆ. ಅಷ್ಟೆಲ್ಲ ಬೆಣ್ಣೆ ಹಾಕಿ ಮಾಡಿದ ಪೈ ಪಕ್ಕ ಅದನ್ನು ಇಡಲು ನನಗೆ ಮನಸ್ಸು ಬರುವುದಿಲ್ಲ. ಐಸ್ ಕ್ರೀಮನ್ನು ಐದು ನಿಮಿಷ ಮೊದಲು ಹೊರಗಿಟ್ಟು, ಚಮಚವನ್ನು ಬಿಸಿನೀರಿನಲ್ಲಿ ಅದ್ದಿ ತೆಗೆಯಿರಿ. ಹೆಚ್ಚಿನವರು ತುಂಡಿನ ನೆತ್ತಿಯ ಮೇಲೇ ಇಡುತ್ತಾರೆ. ಕಷ್ಟಪಟ್ಟು ಗರಿಗರಿ ಮಾಡಿದ್ದನ್ನು ಯಾಕೆ ನೆನೆಸಬೇಕು ಹೇಳಿ? ಪಕ್ಕದಲ್ಲಿ, ಹೂರಣಕ್ಕೆ ತಾಗುವಂತೆ ಇಡಿ.

ಅಂಚು ಕತ್ತರಿಸಿದಾಗ ಉಳಿದ ಕಣಕದ ಚೂರುಗಳನ್ನು ಬಿಸಾಡಬೇಡಿ. ಸಕ್ಕರೆ, ಚಕ್ಕೆ ಪುಡಿ ಉದುರಿಸಿ ಪೈ ಹೊರಬಂದ ಮೇಲೆ ಅದೇ ಬಿಸಿಯಲ್ಲಿ ಹನ್ನೆರಡು ನಿಮಿಷ ಇಟ್ಟರೆ ಬಿಸ್ಕತ್ತಾಗುತ್ತವೆ. ಪೈ ಆರುವ ಆ ಮೂರು ಗಂಟೆ ಮನೆಯವರನ್ನು ಸುಮ್ಮನಿರಿಸಲು ಇವೇ ಬೇಕು. ಅಮ್ಮ ಈಗಲೂ ಮೊದಲು ಕೇಳುವುದು ಆ ಚೂರುಗಳನ್ನೇ.