ತಂಗಿ ಮಗಳ ಲಗ್ನಕ್ಕೆ ನಾವು ಮಾಡಿದ ಆಹೇರಿ ಪಟ್ಟಿ

ನಮ್ಮ ಕಲಬುರಗಿ ಕಡೆ ಲಗ್ನಪತ್ರಿಕೆ ಕೈಗೆ ಬಂದ ಕೂಡಲೇ ಮನೆಯಲ್ಲಿ ಏಳುವ ಪ್ರಶ್ನೆ, ‘ಆಹೇರಿ ಏನು ಮಾಡೋಣ?’ ಆಹೇರಿ ಅಂದರೆ ಲಗ್ನದ ಉಡುಗೊರೆ. ಸೀರೆ-ಕುಪ್ಪಸ, ಟವೆಲ್-ಟೋಪಿಯ ಆಹೇರಿಗೆ ಒಂದು ಕ್ರಮವಿದೆ. ಯಾರು ಯಾರಿಗೆ ಉಡಿಸಬೇಕು ಅನ್ನುವುದು ಹಿರಿಯರಿಗೆ ಬಾಯಿಪಾಠ. ತೊಡಕೆಲ್ಲ ಸಾಮಾನಿನದು. ಲಗ್ನದ ಮರುದಿನ ಬಣ್ಣದ ಕಾಗದ ಬಿಚ್ಚುತ್ತ ಹೋದರೆ ಗೋಡೆ ಗಡಿಯಾರ, ಲೆಮನ್ ಸೆಟ್, ಹಾಟ್‌ಬಾಕ್ಸ್, ರಾಧಾಕೃಷ್ಣರ ಫೋಟೊ, ಮತ್ತೆ ಗಡಿಯಾರ. ಇದರಲ್ಲಿ ಕೂಲಿ ಮಾಡಿ ಉಳಿಸಿದವರ ದುಡ್ಡೂ ಇರುತ್ತದೆ. ಆ ದುಡ್ಡು ಅಟ್ಟ ಸೇರಬಾರದು ಅಂತಲೇ ತಂಗಿ ಮಗಳ ಲಗ್ನದಲ್ಲಿ ಬೇಕಾದದ್ದರ ಪಟ್ಟಿ ಮಾಡುವ ಕೆಲಸ ನಾನು ಹಿಡಿದೆ.

ಹುಡುಗ-ಹುಡುಗಿ ಇಬ್ಬರಿಗೂ ನೌಕರಿ ಬೀದರಿನಲ್ಲಿ. ಬಾಡಿಗೆ ಮನೆ ಆಗಲೇ ಗೊತ್ತಾಗಿತ್ತು. ಅಡುಗೆ ಕಟ್ಟೆ ಎಷ್ಟು ಉದ್ದ, ಪ್ಲಗ್ ಎಲ್ಲೆಲ್ಲಿ ಇವೆ, ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಎಲ್ಲ ಕೇಳಿ ಬರೆದುಕೊಂಡೆ. ಬೀದರ್ ಎತ್ತರದ ಮೇಲಿನ ಊರು, ಕಲಬುರಗಿಯ ಬಿಸಿಲು ಅಲ್ಲಿಲ್ಲ. ಹಾಗಾಗಿ ಕೂಲರ್ ಬಿಟ್ಟು ಬಿಎಲ್‌ಡಿಸಿ ಫ್ಯಾನ್ ಸೇರಿಸಿದೆವು. ಹಳೆಯ ಫ್ಯಾನು 75 ವ್ಯಾಟ್ ತಿಂದರೆ ಇದು 30ರ ಆಸುಪಾಸು; ಕರೆಂಟ್ ಬಿಲ್ಲು ಕಟ್ಟುವವರು ಅವರೇ ತಾನೆ. ನಳದ ನೀರು ದಿನವೂ ಬರುವುದಿಲ್ಲ ಅಂದಿದ್ದಕ್ಕೆ ಮುಚ್ಚಳವಿರುವ ದೊಡ್ಡ ಡ್ರಮ್ಮು, ತಾಮ್ರದ ಕೊಡ ಬರೆದೆ. ಹುಡುಗಿ ತಾನಾಗಿ ಕೇಳಿದ್ದು ಒಂದೇ: “ದೊಡ್ಡವ್ವಾ, ಡಿನ್ನರ್ ಸೆಟ್ ಬ್ಯಾಡ. ರೊಟ್ಟಿ ಹಿಟ್ಟು ನಾದ್ಲಿಕ್ಕಿ ಒಂದು ಚೊಲೋ ಪರಾತ ಬೇಕು.”

ನಮ್ಮ ಕಾಕಾ ಇದಕ್ಕೆ ಒಪ್ಪಲಿಲ್ಲ. “ಕೊಡೋರಿಗಿ ಇದೇ ತರ್ರಿ ಅಂದ್ರ ಅದು ಆಹೇರಿ ಹ್ಯಾಂಗಾಯ್ತವ್ವಾ?” ಅಂದರು. ಮಾತು ತೂಕದ್ದು. ಅದಕ್ಕೇ ಪಟ್ಟಿಯನ್ನು ಪತ್ರಿಕೆಯಲ್ಲಿ ಹಾಕಲಿಲ್ಲ, ವಾಟ್ಸ್‌ಆ್ಯಪ್ ಗುಂಪಿಗೂ ಬಿಡಲಿಲ್ಲ. ‘ಏನು ಕೊಡಲಿ?’ ಅಂತ ತಾವಾಗಿ ಕೇಳಿದವರಿಗೆ ಮಾತ್ರ ಹೇಳುವುದು, ಅದೂ ಎರಡು-ಮೂರು ಸಾಮಾನಿನ ಹೆಸರು ಹೇಳಿ ಆಯ್ಕೆ ಅವರಿಗೇ ಬಿಡುವುದು. ಅವರು ಒಂದನ್ನು ಹಿಡಿದ ಕೂಡಲೇ ನನ್ನ ವಹಿಯಲ್ಲಿ ಅದಕ್ಕೆ ಗೆರೆ. ವಹಿ ಒಬ್ಬರ ಕೈಯಲ್ಲೇ ಇರಬೇಕು. ಇಬ್ಬರು ಇಟ್ಟುಕೊಂಡರೆ ಎರಡು ಮಿಕ್ಸರ್ ಬರುವುದು ಖಂಡಿತ. ಗಂಡಿನ ಕಡೆಯವರು ‘ಇಂಥದ್ದು ಬೇಕು’ ಅಂತ ಕೇಳುವುದಕ್ಕೆ ಈ ವಹಿಯಲ್ಲಿ ಜಾಗ ಇರಲಿಲ್ಲ, ಅವರು ಕೇಳಲೂ ಇಲ್ಲ. ಬೇಡಿಕೆ ಬಂತೆಂದರೆ ಅದು ವರದಕ್ಷಿಣೆ, 1961ರ ಕಾಯ್ದೆಯಡಿ ಅಪರಾಧ. ಉಡುಗೊರೆ ಬೇರೆ, ಅದು ಬೇರೆ. ಈ ಗೆರೆ ಮಸುಕಾಗಲು ಬಿಡಬಾರದು.

ಪಟ್ಟಿಯಲ್ಲಿ ಹೆಚ್ಚಿನವು 300 ರೂಪಾಯಿಯೊಳಗಿನ ಸಾಮಾನು ಇರುವಂತೆ ನೋಡಿಕೊಂಡೆ. ಲಟ್ಟಣಿಗೆ-ಮಣೆ, ಮಸಾಲೆ ಡಬ್ಬಿ, ಜರಡಿ, ಇಕ್ಕಳ, ಸೌಟು, ಕಬ್ಬಿಣದ ಹಂಚು. ಕಡಿಮೆ ಇದ್ದವರು ಕೊಟ್ಟದ್ದೇ ದಿನವೂ ಕೈಗೆ ಬರುವಂಥದ್ದು ಆಗಲಿ ಅನ್ನುವುದು ನನ್ನ ಆಸೆ. ನಮ್ಮ ಹೊಲದ ಕೆಲಸಕ್ಕೆ ಬರುವ ಅವ್ವ ಹಂಚು ತಂದಳು. ಸೊಸೈಟಿ ಗೆಳತಿಯರು ಕೂಡಿ ಫ್ಯಾನ್ ಹಿಡಿದರು. ಐದು ಲೀಟರಿನ ಕುಕ್ಕರ್ ಕೊಡುವವರಿಗೆ ಐಎಸ್‌ಐ ಗುರುತು ನೋಡಿ ತರಲು ಹೇಳಿದೆ. ಸೋದರಮಾವನ ಆಹೇರಿ ಉಂಗುರ. ಹಾಲ್‌ಮಾರ್ಕ್ ಪಕ್ಕದ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿಯನ್ನು (ಆ ಒಡವೆಯ ಗುರುತು ಸಂಖ್ಯೆ) ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಿದ ಮೇಲೆಯೇ ದುಡ್ಡು ಕೊಟ್ಟೆವು.

ಭಾಂಡೆ ಅಂಗಡಿಯಲ್ಲಿ ಸ್ಟೀಲು ಕೊಳ್ಳುವಾಗ ಹೊಳಪಿಗಿಂತ ತಳ ನೋಡಬೇಕು. ಪರಾತದ ಎರಡೂ ಅಂಚು ಹಿಡಿದು ಒತ್ತಿದರೆ ಮಣಿಯಬಾರದು, ನೆಲಕ್ಕಿಟ್ಟು ತಿರುಗಿಸಿದರೆ ಅಲ್ಲಾಡಬಾರದು. ಹಿಟ್ಟು ನಾದುವಾಗ ಅಲ್ಲಾಡುವ ಪರಾತದಿಂದ ರಟ್ಟೆ ಸೋಲುತ್ತದೆ. ಅಲ್ಲಿ ಕೊಡುವವರ ಹೆಸರು, ತಾರೀಖು ಮಷೀನಿನಿಂದ ಚುಕ್ಕೆ ಚುಕ್ಕೆಯಾಗಿ ಕೊರೆಯುತ್ತಾರೆ. ಹೆಸರು ಇರಲಿ, ಆದರೆ ಲಗ್ನ ಮುಗಿದ ಮೇಲೆ ಹಾಕಿಸೋಣ ಅಂತ ಎಲ್ಲರಿಗೂ ಕೇಳಿಕೊಂಡೆ. ಹೆಸರು ಬಿದ್ದ ಭಾಂಡೆಯನ್ನು ಅಂಗಡಿಯವರು ಬದಲಿಸಿ ಕೊಡುವುದಿಲ್ಲ.

ಹುಡುಗಿಯ ಜೊತೆ ಓದಿದವರು ‘ನೆನಪಿಗೆ ಉಳಿಯೋದು ಏನಾದರೂ ಇರಲಿ’ ಅಂದಾಗ ನಾನು ಬಿದ್ರಿ ಹೇಳಿದೆ. ಬೀದರಿನಲ್ಲಿ ಮನೆ ಹೂಡುವವರ ಮನೆಯಲ್ಲಿ ಬಿದ್ರಿ ಇಲ್ಲದಿದ್ದರೆ ಹೇಗೆ? ಚೌಬಾರಾ ಸುತ್ತಲಿನ ಅಂಗಡಿಗೆ ಅವರ ಜೊತೆ ನಾನೂ ಹೋದೆ. ಬಿದ್ರಿ ಎರಕದಲ್ಲಿ ಸತುವೇ ಹೆಚ್ಚು, 16 ಪಾಲು ಸತುವಿಗೆ ಒಂದು ಪಾಲು ತಾಮ್ರ. ಉಳಿಯಿಂದ ಕೊರೆದ ಗೆರೆಯಲ್ಲಿ ಬೆಳ್ಳಿ ತಂತಿ ಕೂರಿಸಿ ಬಡಿಯುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ ಬೆರೆಸಿದ ಕುದಿನೀರು. ಅದರಲ್ಲಿ ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಈ ಕಲೆಯ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಮನೆಯಲ್ಲೇ ಯಾರಿಗೋ ಬಂದಷ್ಟು ಖುಷಿಯಾಗಿತ್ತು.

ಆರಿಸುವಾಗ ನಾವು ಮಾಡಿದ್ದು ಇಷ್ಟು: ಉಗುರಿನ ತುದಿಯನ್ನು ಬೆಳ್ಳಿ ಬಳ್ಳಿಯ ಮೇಲೆ ನಿಧಾನ ಎಳೆಯುವುದು. ಕೂಡಿಸಿದ್ದು ಚೊಕ್ಕವಿದ್ದರೆ ಉಗುರು ಎಲ್ಲೂ ತಡೆಯದೆ ಜಾರುತ್ತದೆ. ಒಂದು ಹೂದಾನಿಯಲ್ಲಿ ಎಲೆಯ ತುದಿಗೆ ತಡೆಯಿತು, ಅಲ್ಲಿ ತಂತಿ ಕೂದಲೆಳೆಯಷ್ಟು ಮೇಲೆದ್ದಿತ್ತು. ಅದನ್ನು ಬಿಟ್ಟು ಪಕ್ಕದ ಸಣ್ಣ ಡಬ್ಬಿ ಆರಿಸಿದೆವು. ಗಾತ್ರ ಕಡಿಮೆ, ಕುಸುರಿ ಹೆಚ್ಚು. ಬಿದ್ರಿಯಲ್ಲಿ ಅಗ್ಗದ ದೊಡ್ಡದಕ್ಕಿಂತ ಚೊಕ್ಕ ಸಣ್ಣದೇ ಮೇಲು ಅಂತ ಯಾರು ಕೇಳಿದರೂ ಹೇಳುತ್ತೇನೆ. ತಿನ್ನುವ ಪದಾರ್ಥ ಇಡಬಾರದು, ಹುಣಸೆಹಣ್ಣು ಹಾಕಿ ತಿಕ್ಕಬಾರದು, ಕಪ್ಪು ಮಂಕಾದರೆ ಒಂದು ಹನಿ ಕೊಬ್ಬರಿ ಎಣ್ಣೆ ಬಟ್ಟೆಗೆ ಹಚ್ಚಿ ಒರೆಸಿದರೆ ಸಾಕು. ಇದನ್ನು ಚೀಟಿಯಲ್ಲಿ ಬರೆದು ಡಬ್ಬಿಯೊಳಗೇ ಇಟ್ಟೆವು.

ಲಗ್ನದ ದಿನ ಮೈಕಿನಲ್ಲಿ ಆಹೇರಿ ಕೂಗುವಾಗ ದುಡ್ಡಿನ ಮೊತ್ತ ಬಿಟ್ಟು ಹೆಸರು ಮಾತ್ರ ಹೇಳಿಸಿದೆವು. ಬರೆಯುವುದನ್ನು ಮಾತ್ರ ಬಿಡಲಿಲ್ಲ. ನಮ್ಮಲ್ಲಿ ಆಹೇರಿ ವಹಿ ಬರೆಯುವುದು ನಾಳೆ ಅವರ ಮನೆ ಲಗ್ನಕ್ಕೆ ಮುಯ್ಯಿ ತೀರಿಸಲಿಕ್ಕೆ. ವರದಕ್ಷಿಣೆ ನಿಷೇಧ ಕಾಯ್ದೆಯಡಿಯ 1985ರ ನಿಯಮವೂ ಇದನ್ನೇ ಕೇಳುತ್ತದೆ: ವಧುವಿಗೆ ಬಂದದ್ದು ಒಂದು ಪಟ್ಟಿ, ವರನಿಗೆ ಬಂದದ್ದು ಇನ್ನೊಂದು, ವಸ್ತು, ಅಂದಾಜು ಬೆಲೆ, ಕೊಟ್ಟವರ ಹೆಸರು, ಸಂಬಂಧ, ಕೆಳಗೆ ಇಬ್ಬರ ಸಹಿ. ಮರುದಿನ ಚಹಾ ಕುಡಿಯುತ್ತ ಹುಡುಗ ಓದಿದ, ಹುಡುಗಿ ಬರೆದಳು. ಸಹಿ ಹಾಕಿದ ಒಂದೊಂದು ಪ್ರತಿ ಇಬ್ಬರ ಹತ್ತಿರ ಇದೆ, ಮುಯ್ಯಿಯ ವಹಿ ತಂಗಿಯ ಕಪಾಟಿನಲ್ಲಿದೆ. ಪಟ್ಟಿ ಕೇಳದೆ ತಂದವರಿಂದ ಇನ್ನೊಂದು ಕುಕ್ಕರ್ ಬಂದಿತ್ತು. ರಸೀದಿ ಡಬ್ಬದಲ್ಲೇ ಇತ್ತು, ಹೆಸರು ಕೊರೆಸಿರಲಿಲ್ಲ. ತಂದವರನ್ನೇ ಕೇಳಿ, ಅವರ ಒಪ್ಪಿಗೆಯ ಮೇಲೆ ಅದನ್ನು ಇಡ್ಲಿ ಪಾತ್ರೆಗೆ ಬದಲಿಸಿಕೊಂಡೆವು.